ಮಕ್ಕಳು ತಮಗೆ ತಾವೇ ನೋವು ಮಾಡಿಕೊಂಡಾಗ: ಕಾಸರಗೋಡಿನ ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಪೋಷಕರ ಸಭೆಯಲ್ಲಿ ಕೈ ಎತ್ತಿ ಯಾರೂ ಈ ಪ್ರಶ್ನೆಗಳನ್ನು ಕೇಳುವುದಿಲ್ಲ. ಸಭೆ ಮುಗಿದು ಚಾ ಕುಡಿಯುವಾಗ, ಇಲ್ಲವೇ ರಾತ್ರಿ ವಾಟ್ಸಾಪ್‌ನಲ್ಲಿ, "ನಮ್ಮ ಪರಿಚಯದವರ ಮಗಳೊಬ್ಬಳು..." ಎಂದು ಶುರುವಾಗುತ್ತದೆ. ಆ ಪರಿಚಯದವರು ಯಾರು ಎಂದು ನಾವೂ ಕೇಳುವುದಿಲ್ಲ. ಕುಂಬಳೆ, ಬದಿಯಡ್ಕ, ಮಂಜೇಶ್ವರ, ಮುಳ್ಳೇರಿಯ ಕಡೆ ಹೀಗೆ ಕೇಳಿಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇವೆ. ಇದನ್ನು ಓದಿದ ಮಾತ್ರಕ್ಕೆ ಡಾಕ್ಟರನ್ನು ಕಂಡ ಹಾಗಾಗುವುದಿಲ್ಲ.

ಈಗಲೇ ಅಪಾಯ ಇದೆ ಅನಿಸಿದರೆ ಏನು ಮಾಡಬೇಕು?

ಓದುವುದನ್ನು ಇಲ್ಲಿಗೇ ನಿಲ್ಲಿಸಿ. ಮಗುವನ್ನು ಒಂಟಿಯಾಗಿ ಬಿಡಬೇಡಿ. ಗಾಯ ಆಗಿದ್ದರೆ, ಅಥವಾ ಏನಾದರೂ ತಿಂದಿದೆ, ಕುಡಿದಿದೆ ಎಂಬ ಸಂಶಯ ಇದ್ದರೂ ಸಾಕು, ನೇರ ಹತ್ತಿರದ ಆಸ್ಪತ್ರೆಗೆ ಹೋಗಿ. ತುರ್ತು ಸಹಾಯಕ್ಕೆ 112. ಮನಸ್ಸಿನ ತೊಂದರೆಗೆ ದಿನದ 24 ಗಂಟೆಯೂ ಉಚಿತವಾಗಿ ಸಿಗುವ ಟೆಲಿ ಮಾನಸ್ ನಂಬರ್ 14416. ಕೇರಳದ ದಿಶಾ ಸಹಾಯವಾಣಿ 1056. ಮಕ್ಕಳ ಸಹಾಯವಾಣಿ 1098, ಅದಕ್ಕೆ ಮಗುವೇ ಫೋನ್ ಮಾಡಬಹುದು.

ತನಗೆ ತಾನೇ ಗಾಯ ಮಾಡಿಕೊಂಡರೆ ಸಾಯಲು ಹೊರಟದ್ದು ಅಂತಲೇ ಅರ್ಥವೇ?

ಯಾವಾಗಲೂ ಅಲ್ಲ. ಎಷ್ಟೋ ಮಕ್ಕಳು ಹೇಳುವುದು ಒಂದೇ ಮಾತು: "ಒಳಗೆ ತಡೆಯಲಿಕ್ಕೆ ಆಗ್ತಾ ಇರಲಿಲ್ಲ." ಮೈಯ ನೋವು ಮನಸ್ಸಿನ ನೋವನ್ನು ಸ್ವಲ್ಪ ಹೊತ್ತು ಹಿಂದಕ್ಕೆ ತಳ್ಳುತ್ತದೆ. ಕೆಲವರಿಗೆ ಒಳಗೆಲ್ಲ ಮರಗಟ್ಟಿದ ಹಾಗಿರುತ್ತದೆ, ಏನಾದರೂ ಅನಿಸಲಿ ಎಂದು ಮಾಡಿಕೊಳ್ಳುತ್ತಾರೆ. ಇನ್ನು ಕೆಲವರು ತಮ್ಮ ಮೇಲೆ ತಮಗೇ ಸಿಟ್ಟು ಬಂದು ಶಿಕ್ಷೆ ಕೊಟ್ಟುಕೊಳ್ಳುತ್ತಾರೆ. ಸಿಕ್ಕ ಸಮಾಧಾನ ಬೇಗ ಹೋಗುತ್ತದೆ, ನಾಚಿಕೆ ಉಳಿಯುತ್ತದೆ. ಮುಂದಿನ ಸಲ ಮನಸ್ಸು ಕೆಟ್ಟಾಗ ಮತ್ತೆ ಅದೇ ದಾರಿ ನೆನಪಾಗುತ್ತದೆ. ಅಭ್ಯಾಸ ಬೆಳೆಯುವುದು ಹೀಗೆ.

ಹಾಗಂತ "ಸಾಯುವ ಉದ್ದೇಶ ಇರಲಿಲ್ಲವಂತೆ, ಬಿಡಿ" ಎನ್ನುವುದೂ ತಪ್ಪು. ಇವತ್ತು ಆ ಯೋಚನೆ ಇಲ್ಲದ ಮಗುವಿಗೆ ಇನ್ನೊಂದು ದಿನ ಬರಬಹುದು. ಎರಡೂ ಒಟ್ಟಿಗೇ ಇರುವುದೂ ಉಂಟು. ಆದ್ದರಿಂದ ಪ್ರತಿ ಸಲವೂ ಕೇಳಿಯೇ ತಿಳಿಯಬೇಕು, ಊಹೆ ಮಾಡಬಾರದು.

ಇದೆಲ್ಲ ಪೇಟೆಯ ಮಕ್ಕಳ ಸಮಸ್ಯೆ ಅಲ್ವಾ?

ಅಲ್ಲ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ 2014ರಲ್ಲಿ ನೋಡಿದಾಗ, ಹದಿಹರೆಯದವರಲ್ಲಿ ಸುಮಾರು ಶೇಕಡಾ 17 ಮಂದಿ ಒಮ್ಮೆಯಾದರೂ ಸಾಯುವ ಉದ್ದೇಶ ಇಲ್ಲದೆ ತಮಗೆ ನೋವು ಮಾಡಿಕೊಂಡಿದ್ದರು. ಹೆಚ್ಚಾಗಿ ಶುರುವಾಗುವುದು 12ರಿಂದ 14 ವಯಸ್ಸಿನ ಸುಮಾರಿಗೆ, ಅಂದರೆ ಏಳನೇ, ಎಂಟನೇ, ಒಂಬತ್ತನೇ ಕ್ಲಾಸು. ನಮ್ಮ ದೇಶದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನ ಶೇಕಡಾ 7.3 ಮಕ್ಕಳಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡಿತ್ತು. 40 ಮಕ್ಕಳ ಕ್ಲಾಸಿನಲ್ಲಿ ಮೂರು ಮಂದಿ ಎಂದು ಲೆಕ್ಕ ಹಾಕಿ. ಎಣ್ಮಕಜೆಯಂಥ ಹಳ್ಳಿಯ ಶಾಲೆಯೂ ಇದಕ್ಕೆ ಹೊರತಲ್ಲ.

ಅಪಾಯದ ಅಂಶ ಅಂದರೆ ಏನು? ಕಾರಣವೇ?

ಇದೊಂದು ಸರಿಯಾಗಿ ಅರ್ಥವಾದರೆ ಉಳಿದದ್ದೆಲ್ಲ ಸುಲಭ. ತೋಟಕ್ಕೆ ಕೊಳೆರೋಗ ಬರುವುದನ್ನು ನೋಡಿದ್ದೀರಿ. ಬಿಡದೆ ಸುರಿಯುವ ಮಳೆ, ಬಿಸಿಲೇ ಇಲ್ಲದ ದಿನಗಳು, ತಡವಾದ ಮದ್ದು, ಪಕ್ಕದ ತೋಟದಲ್ಲಿ ಆಗಲೇ ಬಂದ ರೋಗ. ಇವುಗಳಲ್ಲಿ ಯಾವುದೋ ಒಂದರಿಂದಲೇ ಬಂತು ಎಂದು ಯಾರೂ ಹೇಳುವುದಿಲ್ಲ. ಎಲ್ಲ ಒಟ್ಟಾದಾಗ ಅಪಾಯ ಜಾಸ್ತಿ, ಆಗಲೂ ಎಲ್ಲ ಮರಕ್ಕೂ ಬರುವುದಿಲ್ಲ.

ಮಕ್ಕಳ ವಿಷಯವೂ ಹೀಗೇ. ಖಿನ್ನತೆ ಇದ್ದ ಮಕ್ಕಳೆಲ್ಲರೂ ತಮಗೆ ಗಾಯ ಮಾಡಿಕೊಳ್ಳುತ್ತಾರೆ ಎಂದೇನಿಲ್ಲ. ಮಾಡಿಕೊಂಡ ಮಕ್ಕಳ ಹಿಂದೆ ಸಾಮಾನ್ಯವಾಗಿ ಎರಡು ಮೂರು ಸಂಗತಿಗಳು ಸೇರಿರುತ್ತವೆ. ಆದರೆ ನಾವು ಮಾಡುವುದೇನು? ಕೊನೆಗೆ ನಡೆದದ್ದನ್ನೇ ಹಿಡಿದುಕೊಳ್ಳುತ್ತೇವೆ. "ಮೊಬೈಲ್ ಕಿತ್ತುಕೊಂಡದ್ದಕ್ಕೆ", "ಟೀಚರ್ ಬೈದದ್ದಕ್ಕೆ", "ಆ ಹುಡುಗನ ದೆಸೆಯಿಂದ". ಅದು ಕೊನೆಯ ಹನಿ ಮಾತ್ರ. ಅದರ ಹಿಂದಿನ ಮೂರು ತಿಂಗಳು ಹೇಗಿತ್ತು ಎಂದು ನೋಡಬೇಕು.

ಯಾವ ಯಾವ ಮಾನಸಿಕ ತೊಂದರೆಗಳಲ್ಲಿ ಈ ಅಪಾಯ ಜಾಸ್ತಿ?

ಮೊದಲನೆಯದು ಖಿನ್ನತೆ. ಆದರೆ ಮಕ್ಕಳ ಖಿನ್ನತೆ ದೊಡ್ಡವರದ್ದರ ಹಾಗೆ ಇರುವುದಿಲ್ಲ. ಮೂಲೆಯಲ್ಲಿ ಕೂತು ಅಳುವ ಮಗುವನ್ನು ನಾವು ಹುಡುಕುತ್ತೇವೆ, ಅದು ಕಾಣಿಸುವುದು ಸಿಡಿಮಿಡಿಯಾಗಿ. ಮಾತು ಮಾತಿಗೆ ರೇಗುವುದು, ಬಾಗಿಲು ದಢಾರನೆ ಹಾಕುವುದು, ಇಷ್ಟದ ನೀರ್‌ದೋಸೆ ಮಾಡಿದರೂ "ಬೇಡ" ಎನ್ನುವುದು, ಯಕ್ಷಗಾನದ ಕ್ಲಾಸಿಗೆ ಹೋಗಲು ಮೊದಲಿದ್ದ ಹುಮ್ಮಸ್ಸು ಇಲ್ಲದಿರುವುದು. ಎರಡು ವಾರಕ್ಕೂ ಹೆಚ್ಚು ಕಾಲ, ಹೆಚ್ಚಿನ ದಿನಗಳಲ್ಲಿ ಹೀಗಿದ್ದರೆ ಅದನ್ನು "ವಯಸ್ಸಿನ ಗುಣ" ಎಂದು ಬಿಡಬೇಡಿ.

ಆತಂಕ ಇನ್ನೊಂದು. ಸೋಮವಾರ ಬೆಳಿಗ್ಗೆ ಮಾತ್ರ ಬರುವ ಹೊಟ್ಟೆನೋವು, ಪರೀಕ್ಷೆಯ ಹಿಂದಿನ ದಿನದ ವಾಂತಿ, ಬಸ್ಸಿನಲ್ಲಿ ಇದ್ದಕ್ಕಿದ್ದಂತೆ ಉಸಿರು ಕಟ್ಟಿದ ಹಾಗಾಗುವುದು. ಸ್ಕ್ಯಾನಿಂಗ್ ಮಾಡಿಸಿದರೆ ಏನೂ ಇರುವುದಿಲ್ಲ. ಏನೂ ಇಲ್ಲ ಅಂದರೆ ಮಗು ನಾಟಕ ಮಾಡುತ್ತಿದೆ ಅಂತ ಅಲ್ಲ.

ಎಡಿಎಚ್‌ಡಿ (ಗಮನ ಒಂದು ಕಡೆ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇರುವ ಮಕ್ಕಳಿಗೆ ಒಂದು ಕ್ಷಣ ತಡೆದು ಯೋಚಿಸುವುದೇ ಕಷ್ಟ. ಬೇಸರ ಬಂದ ಕ್ಷಣಕ್ಕೂ ಕೈ ಹೋಗುವ ಕ್ಷಣಕ್ಕೂ ನಡುವೆ ಅಂತರ ಕಡಿಮೆ. ಅದರ ಮೇಲೆ ದಿನಕ್ಕೆ ಹತ್ತು ಸಲ ಬೈಗಳು ತಿಂದು "ನಾನು ಯಾವುದಕ್ಕೂ ಆಗದವನು" ಎಂಬ ನಂಬಿಕೆ ಬೇರೆ. ಆಟಿಸಂ ಇರುವ ಮಕ್ಕಳಲ್ಲೂ ಅಪಾಯ ಜಾಸ್ತಿ. ತಮಗೆ ಏನಾಗುತ್ತಿದೆ ಎಂದು ಹೇಳಲು ಅವರಿಗೆ ಮಾತು ಸಿಗುವುದಿಲ್ಲ, ನಾವು ಅದನ್ನು ಹಟ ಅಂದುಕೊಳ್ಳುತ್ತೇವೆ.

ದಪ್ಪ ಆಗುವ ಭಯದಿಂದ ಊಟ ಬಿಡುವುದು, ಆಗಿಹೋದ ಆಘಾತ ಮತ್ತೆ ಮತ್ತೆ ಕಣ್ಣೆದುರು ಬರುವುದು, ಸಣ್ಣ ವಯಸ್ಸಿನಲ್ಲೇ ಕುಡಿತ ಅಥವಾ ಗಾಂಜಾ, ಕಿವಿಯಲ್ಲಿ ಯಾರೋ ಮಾತಾಡಿದಂತೆ ಕೇಳಿಸುವುದು, ಇವೂ ಈ ಸಾಲಿಗೆ ಸೇರುತ್ತವೆ. ಕೊನೆಯದರಲ್ಲಿ ತಡ ಮಾಡುವ ಹಾಗೇ ಇಲ್ಲ.

ರೋಗದ ಹೆಸರು ಏನೇ ಇರಲಿ, ನಡುವೆ ಎದ್ದು ಕಾಣುವ ಸಂಗತಿ ಇನ್ನೊಂದಿದೆ. ಭಾವನೆ ಉಕ್ಕಿ ಬಂದಾಗ ಅದನ್ನು ತಡೆದುಕೊಂಡು ಕೆಳಗಿಳಿಸಲು ಬಾರದಿರುವುದು. ಹದಿಹರೆಯದಲ್ಲಿ ಮೆದುಳಿನ ಭಾವನೆಯ ಭಾಗ ಬೇಗ ಚುರುಕಾಗುತ್ತದೆ. ಕಡಿವಾಣ ಹಾಕುವ ಮುಂಭಾಗ ಪೂರ್ತಿ ಬೆಳೆಯಲು ಇಪ್ಪತ್ತು ದಾಟಬೇಕು. ಎಲ್ಲ ಮಕ್ಕಳಿಗೂ ಇದು ಕಷ್ಟದ ಕಾಲವೇ, ಕೆಲವರಿಗೆ ತುಂಬ ಕಷ್ಟ. ನಿದ್ದೆ ಕೆಟ್ಟರಂತೂ ಇದೆಲ್ಲ ಇನ್ನಷ್ಟು ಕೆಡುತ್ತದೆ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಬೆಳಿಗ್ಗೆ ಟ್ಯೂಷನ್, ರಾತ್ರಿ ಹನ್ನೊಂದರವರೆಗೆ ಓದು ಎಂದು ಟೈಮ್‌ಟೇಬಲ್ ಹಾಕುವವರು ಈ ಲೆಕ್ಕವನ್ನೂ ಒಮ್ಮೆ ಹಾಕಲಿ.

ಒಮ್ಮೆ ಮಾಡಿಕೊಂಡ ಮಗು ಮತ್ತೆ ಮಾಡಿಕೊಳ್ಳುತ್ತದೆಯೇ?

ಮಾಡಿಕೊಳ್ಳಬಹುದು. ಹಿಂದೆ ಒಮ್ಮೆ ನಡೆದಿರುವುದೇ ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆಗಳಲ್ಲಿ ಒಂದು. ಅದಕ್ಕೇ ಮೊದಲ ಸಲವೇ ಗಂಭೀರವಾಗಿ ತೆಗೆದುಕೊಳ್ಳಬೇಕು. ಆಣೆ ಹಾಕಿಸುವುದು, ದೇವರ ಎದುರು ನಿಲ್ಲಿಸಿ "ಇನ್ನು ಮಾಡಲ್ಲ" ಅಂತ ಹೇಳಿಸುವುದು ಬೇಡ. ಮುಂದಿನ ಸಲ ಮಗು ಅದನ್ನು ನಿಮ್ಮಿಂದ ಮುಚ್ಚಿಡುತ್ತದೆ, ಅಷ್ಟೇ. ಸರಿಯಾದ ಸಹಾಯ ಸಿಕ್ಕಿ, ದೊಡ್ಡವರಾಗುತ್ತಾ ಇದನ್ನು ಬಿಟ್ಟವರು ಬಹಳ ಮಂದಿ ಇದ್ದಾರೆ.

ನಾವು ಏನೂ ಕಮ್ಮಿ ಮಾಡಿಲ್ಲ. ಮತ್ತೆ ಯಾಕೆ ಹೀಗೆ?

ಅಪ್ಪಂದಿರು ಜಾಸ್ತಿ ಕೇಳುವ ಪ್ರಶ್ನೆ ಇದು. ಕೆಲವೊಮ್ಮೆ ದುಬೈಯಿಂದ ಫೋನಿನಲ್ಲಿ. ಸೈಕಲ್, ಟ್ಯಾಬ್, ಟ್ಯೂಷನ್ ಫೀಸು, ಎಲ್ಲ ಕೊಟ್ಟಿದ್ದಾರೆ, ಸುಳ್ಳಲ್ಲ. ಮಗುವಿನ ಲೆಕ್ಕ ಮಾತ್ರ ಬೇರೆ ಇರುತ್ತದೆ.

ಮನೆಯಲ್ಲಿ ದಿನಾ ಜಗಳ, ಕುಡಿತ, ಹೊಡೆತ, ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಚಿಕಿತ್ಸೆ ಸಿಗದ ಮಾನಸಿಕ ತೊಂದರೆ, ಹತ್ತಿರದವರ ಸಾವು, ಕುಟುಂಬದಲ್ಲಿ ಹಿಂದೆ ಯಾರಾದರೂ ಜೀವ ಕಳೆದುಕೊಂಡದ್ದು, ಇವೆಲ್ಲ ಅಪಾಯವನ್ನು ಏರಿಸುತ್ತವೆ. ರಕ್ತದಲ್ಲೇ ಸ್ವಲ್ಪ ಒಲವು ಬರಬಹುದು, ಆದರೆ ಅದು ಹಣೆಬರಹ ಅಲ್ಲ. ಬೈಗಳಲ್ಲೂ ವ್ಯತ್ಯಾಸ ಇದೆ. "ಲೆಕ್ಕ ತಪ್ಪಿದೆ" ಎಂದರೆ ಮಗು ತಿದ್ದಿಕೊಳ್ಳುತ್ತದೆ. "ನೀನು ಹುಟ್ಟಿದ ಮೇಲೆ ನನಗೆ ನೆಮ್ಮದಿ ಇಲ್ಲ" ಎಂದರೆ ಅದು ವರ್ಷಗಟ್ಟಲೆ ಉಳಿಯುತ್ತದೆ.

ಲೈಂಗಿಕ ದೌರ್ಜನ್ಯದ ಬಗ್ಗೆ ಮುಚ್ಚುಮರೆ ಇಲ್ಲದೆ ಹೇಳಬೇಕು. ಚಿಕ್ಕಂದಿನಲ್ಲಿ ಆದ ದೌರ್ಜನ್ಯಕ್ಕೂ ತನಗೆ ತಾನೇ ನೋವು ಮಾಡಿಕೊಳ್ಳುವುದಕ್ಕೂ ಗಟ್ಟಿ ಸಂಬಂಧ ಇದೆ. ಮಾಡಿದವರು ಹೆಚ್ಚಾಗಿ ಮಗುವಿಗೆ ಪರಿಚಯದವರೇ. ಮಗು ಬಾಯಿ ಬಿಟ್ಟರೆ ನಂಬಿ. ಮನೆ ಮರ್ಯಾದೆ, ಪಂಚಾತಿಕೆ, ರಾಜಿ ಇವುಗಳಿಗೆ ಇಲ್ಲಿ ಜಾಗ ಇಲ್ಲ. 2012ರ ಪೋಕ್ಸೋ ಕಾಯ್ದೆ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. 1098ಕ್ಕೂ ಹೇಳಬಹುದು.

ನಮ್ಮ ಜಿಲ್ಲೆಯಲ್ಲಿ ಯಾರ ಗಮನಕ್ಕೂ ಬಾರದ ಇನ್ನೊಂದು ಗುಂಪಿನ ಮಕ್ಕಳಿದ್ದಾರೆ. 2000ರವರೆಗೆ ಎರಡು ದಶಕಗಳಿಗೂ ಹೆಚ್ಚು ಕಾಲ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಕಥೆ ಎಲ್ಲರಿಗೂ ಗೊತ್ತು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರು ಕಡೆ ಹಾಸಿಗೆ ಹಿಡಿದವರಿರುವ ಮನೆಗಳಿಗೆ ಕ್ಯಾಮೆರಾ ಬಂದಿದೆ, ಮಂತ್ರಿಗಳು ಬಂದಿದ್ದಾರೆ. ಅದೇ ಮನೆಯ ಆರೋಗ್ಯವಾಗಿರುವ ತಂಗಿಯನ್ನೋ ತಮ್ಮನನ್ನೋ "ನಿನಗೆ ಹೇಗಿದೆ?" ಎಂದು ಕೇಳಿದವರು ಎಷ್ಟು ಮಂದಿ? ರೋಗಿಯ ಆರೈಕೆಯಲ್ಲೇ ಬೆಳೆದ ಮಗು ತನ್ನ ಕಷ್ಟ ಹೇಳುವುದೇ ತಪ್ಪು ಅಂದುಕೊಂಡಿರುತ್ತದೆ. ಎಂಡೋಸಲ್ಫಾನ್ ಒಂದೇ ಅಲ್ಲ, ಡಯಾಲಿಸಿಸ್ ನಡೆಯುವ ಮನೆ, ಮಲಗಿದ ಅಜ್ಜಿ ಇರುವ ಮನೆ, ಎಲ್ಲ ಕಡೆಯೂ ಇಂಥ ಮಕ್ಕಳಿದ್ದಾರೆ.

ಫುಲ್ ಎ ಪ್ಲಸ್ ಒತ್ತಡ ನಿಜವಾಗಿಯೂ ಅಷ್ಟು ಅಪಾಯವೇ?

ಪರೀಕ್ಷೆ ಒಂದರಿಂದಲೇ ಯಾವ ಮಗುವೂ ಹೀಗೆ ಮಾಡಿಕೊಳ್ಳುವುದಿಲ್ಲ. ಆದರೆ ಒಳಗೆ ಖಿನ್ನತೆಯೋ ಆತಂಕವೋ ಇರುವ ಮಗುವಿಗೆ ಮಾರ್ಕು ಬರುವ ದಿನ ಭಾರವಾಗುತ್ತದೆ. ನಮ್ಮ ಕಡೆ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಕೂಡಲೇ ಫುಲ್ ಎ ಪ್ಲಸ್ ಬಂದವರ ಫೋಟೋ ಹಾಕಿದ ಫ್ಲೆಕ್ಸು ಜಂಕ್ಷನ್ನಿನಲ್ಲಿ ಏಳುತ್ತದೆ. ಒಂಬತ್ತು ವಿಷಯಕ್ಕೆ ಎ ಪ್ಲಸ್ ಬಂದು ಒಂದಕ್ಕೆ ಎ ಬಂದ ಮಗು ಅದರ ಕೆಳಗೇ ಬಸ್ಸಿಗೆ ಕಾಯಬೇಕು. ಆ ಫ್ಲೆಕ್ಸು ಯಾರಿಗೆ ಉಪಕಾರ ಮಾಡುತ್ತದೋ ನಮಗಂತೂ ತಿಳಿದಿಲ್ಲ.

ಆಮೇಲೆ ಪ್ಲಸ್ ಒನ್ ಅಲಾಟ್‌ಮೆಂಟ್, ಅಂದರೆ ಹನ್ನೊಂದನೇ ಕ್ಲಾಸಿನ ಸೀಟು ಹಂಚಿಕೆ. ಬೇಕಾದ ಶಾಲೆ ಸಿಗಲಿಲ್ಲ, ಸೈನ್ಸ್ ಸಿಗಲಿಲ್ಲ, ಗೆಳತಿಯರೆಲ್ಲ ಬೇರೆ ಕಡೆ. ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಗುವಿಗೆ ಪುಸ್ತಕ ಇಂಗ್ಲಿಷು, ಕ್ಲಾಸಿನಲ್ಲಿ ವಿವರಣೆ ಮಲಯಾಳ. ಹೈಸ್ಕೂಲಿನಲ್ಲಿ ಮೊದಲ ಬೆಂಚಿನಲ್ಲಿದ್ದವಳು ಇಲ್ಲಿ ಪ್ರಶ್ನೆ ಕೇಳಲೂ ಹೆದರುತ್ತಾಳೆ. ಕನ್ನಡ ಶಾಲೆಗೆ ಕನ್ನಡ ಬಾರದ ಶಿಕ್ಷಕರನ್ನು ಹಾಕಿದಾಗ ನಾವು ಬೀದಿಗಿಳಿದು ಪ್ರತಿಭಟನೆ ಮಾಡಿದವರು. ಆ ಕ್ಲಾಸಿನಲ್ಲಿ ಏನೂ ತಿಳಿಯದೆ ಕೂತ ಮಗುವಿಗೆ ಮನಸ್ಸಿನಲ್ಲಿ ಏನಾಗುತ್ತದೆ ಎಂಬ ಮಾತು ಮಾತ್ರ ಆ ಪ್ರತಿಭಟನೆಗಳಲ್ಲಿ ಕಡಿಮೆ ಬಂತು.

ಶಾಲೆಯಲ್ಲಿ ಇನ್ನೂ ದೊಡ್ಡ ಅಪಾಯ ಅಂದರೆ ಗೇಲಿ. ಬಣ್ಣ, ದಪ್ಪ, ಜಾತಿ, ಮಾತಿನ ಧಾಟಿ, ಹುಡುಗ ಹುಡುಗಿಯ ಹಾಗೆ ನಡೆಯುತ್ತಾನೆ ಎಂಬ ಹಾಸ್ಯ. ತಾವು ಬೇರೆಯವರ ಹಾಗಿಲ್ಲ, ತಮ್ಮ ಲೈಂಗಿಕ ಒಲವು ಬೇರೆ ಎಂದು ತಿಳಿದ ಮಕ್ಕಳಲ್ಲಿ ಅಪಾಯ ಹೆಚ್ಚು. ಅದಕ್ಕೆ ಕಾರಣ ಅವರ ಒಲವಲ್ಲ, ಸುತ್ತಲಿನವರು ಅವರನ್ನು ನಡೆಸಿಕೊಳ್ಳುವ ರೀತಿ.

ಎಲ್ಲಕ್ಕೂ ಮೊಬೈಲೇ ಕಾರಣ ಅಲ್ವಾ?

ಅಷ್ಟು ಸುಲಭವಾಗಿದ್ದರೆ ಒಳ್ಳೆಯದಿತ್ತು. ಮೊಬೈಲಿನಿಂದ ನಿದ್ದೆ ಕೆಡುತ್ತದೆ, ಗೇಲಿ ಶಾಲೆಯಿಂದ ಮನೆವರೆಗೂ ಹಿಂಬಾಲಿಸುತ್ತದೆ, ಗಾಯದ ಫೋಟೋ ಹಂಚುವ ಗುಂಪುಗಳೂ ಇವೆ. ಒಬ್ಬರನ್ನು ನೋಡಿ ಇನ್ನೊಬ್ಬರಿಗೆ ಹರಡುವುದು ನಿಜ. ಗೆಳತಿಯ ಕೈ ನೋಡಿ ತಾನೂ ಮಾಡಿಕೊಂಡವರಿದ್ದಾರೆ. ಆದರೆ ಕೆಲವು ಮಕ್ಕಳಿಗೆ ಮನಸ್ಸು ಬಿಚ್ಚಿ ಮಾತಾಡುವ ಒಬ್ಬಳೇ ಗೆಳತಿ ಇರುವುದೂ ಆ ಫೋನಿನಲ್ಲೇ. ಸಿಟ್ಟಿನಲ್ಲಿ ಒಮ್ಮೆಲೇ ಕಿತ್ತುಕೊಳ್ಳಬೇಡಿ. ಏನು ನೋಡುತ್ತಿದೆ ಎಂದು ಜೊತೆಗೆ ಕೂತು ಕೇಳಿ. ರಾತ್ರಿ ಮಾತ್ರ ಎಲ್ಲರ ಫೋನೂ, ನಿಮ್ಮದೂ ಸೇರಿ, ಚಾವಡಿಯಲ್ಲಿ ಚಾರ್ಜಿಗೆ ಇರಲಿ.

ಸುಮ್ನೆ ಗಮನ ಸೆಳೆಯಲು ಮಾಡುವುದಲ್ವಾ?

ಹೆಚ್ಚಿನ ಮಕ್ಕಳು ಇದನ್ನು ಮುಚ್ಚಿಡುತ್ತಾರೆ. ಮೇ ತಿಂಗಳ ಸೆಕೆಯಲ್ಲೂ ಉದ್ದ ತೋಳಿನ ಅಂಗಿ ಹಾಕಿಕೊಂಡು, ಮದುವೆ ಮನೆಯಲ್ಲಿ ಬಳೆ ಹಾಕಲು ಕೈ ಕೊಡದೆ ತಪ್ಪಿಸಿಕೊಳ್ಳುವವರು ಗಮನ ಸೆಳೆಯುತ್ತಿದ್ದಾರಾ? ಇನ್ನು ನಿಜವಾಗಿಯೂ ಗಮನಕ್ಕಾಗಿಯೇ ಮಾಡಿದರು ಅಂತಲೇ ಇಟ್ಟುಕೊಳ್ಳಿ. ಗಮನ ಸಿಗಲು ಮೈಗೆ ಗಾಯ ಮಾಡಿಕೊಳ್ಳಬೇಕಾಗಿ ಬಂದ ಮಗುವಿಗೆ ಗಮನ ಕೊಡಬೇಕಲ್ಲ.

ಇದು ಹೆಣ್ಣುಮಕ್ಕಳಲ್ಲಿ ಮಾತ್ರವೇ?

ಹದಿಹರೆಯದಲ್ಲಿ ಹೆಣ್ಣುಮಕ್ಕಳಲ್ಲಿ ಜಾಸ್ತಿ ಕಂಡುಬರುತ್ತದೆ. ಗಂಡುಮಕ್ಕಳದ್ದು ಲೆಕ್ಕಕ್ಕೆ ಸಿಗುವುದು ಕಡಿಮೆ. ಗೋಡೆಗೆ ಗುದ್ದಿ ಕೈ ಊದಿಸಿಕೊಂಡ ಹುಡುಗನನ್ನು ನಾವು "ಸಿಟ್ಟಿನವ" ಎಂದು ಬಿಡುತ್ತೇವೆ. ಬೇಕೆಂದೇ ಬೈಕನ್ನು ಪ್ರಾಣ ಲೆಕ್ಕಿಸದೆ ಓಡಿಸುವವನನ್ನು "ಪೋಕ್ರಿ" ಎನ್ನುತ್ತೇವೆ.

ಮನೆಯವರಿಗೆ ಮೊದಲೇ ಗೊತ್ತಾಗುವ ಗುರುತು ಏನಾದರೂ ಇದೆಯೇ?

ಮುಖ್ಯವಾಗಿ ಬದಲಾವಣೆ ನೋಡಿ. ಮೊದಲಿನಿಂದಲೂ ಮೌನವಾಗಿರುವ ಮಗು ಮೌನವಾಗಿದ್ದರೆ ಅದು ಅದರ ಗುಣ. ಬಾಯಿಬಡುಕಿ ಮೌನವಾದರೆ ಗಮನಿಸಿ. ವಿವರಣೆ ಇಲ್ಲದ ಗಾಯಗಳು, ಬಚ್ಚಲಲ್ಲಿ ಗಂಟೆಗಟ್ಟಲೆ ಇರುವುದು, ಗೆಳೆಯರನ್ನು ಬಿಡುವುದು, ಮಾರ್ಕು ಧಡಕ್ಕನೆ ಇಳಿಯುವುದು, "ನಾನು ಇಲ್ಲದಿದ್ದರೆ ನಿಮಗೆ ಆರಾಮ" ಎಂಬ ಮಾತು. ಇಷ್ಟದ ವಸ್ತುಗಳನ್ನು ಬೇರೆಯವರಿಗೆ ಹಂಚಲು ಶುರು ಮಾಡಿದರೆ, ವಿದಾಯ ಹೇಳುವ ಹಾಗೆ ಮೆಸೇಜ್ ಹಾಕಿದರೆ ಅದು ತುರ್ತು.

ಇದನ್ನು ಅಂಕ ಹಾಕುವ ಪಟ್ಟಿ ಮಾಡಿಕೊಳ್ಳಬೇಡಿ. ಇಂತಿಷ್ಟು ಅಂಕ ಬಂದರೆ ಅಪಾಯ ಎಂದು ಹೇಳುವ ಪ್ರಶ್ನಾವಳಿಗಳನ್ನು ನಂಬಿ ಮುಂದೇನಾಗುತ್ತದೆ ಎಂದು ಊಹಿಸಬಾರದು ಎಂದು ಬ್ರಿಟನ್ನಿನ ನೈಸ್ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ ವೈದ್ಯರಿಗೇ ಹೇಳಿದೆ. ಮಗುವಿನ ಜೊತೆ ಕೂತು ಮಾತಾಡಿಯೇ ತಿಳಿಯಬೇಕು.

ನೇರವಾಗಿ ಕೇಳಿದರೆ ನಾವೇ ಐಡಿಯಾ ಕೊಟ್ಟ ಹಾಗಾಗುವುದಿಲ್ವಾ?

ಇಲ್ಲ. ಇದನ್ನು ಪರೀಕ್ಷಿಸಿಯೇ ನೋಡಿದ್ದಾರೆ. ನ್ಯೂಯಾರ್ಕ್ ರಾಜ್ಯದ ಆರು ಹೈಸ್ಕೂಲುಗಳ 2342 ಮಕ್ಕಳ ಮೇಲೆ ನಡೆದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಆತ್ಮಹತ್ಯೆಯ ಯೋಚನೆ ಬಗ್ಗೆ ಪ್ರಶ್ನೆ ಕೇಳಿಸಿಕೊಂಡ ಮಕ್ಕಳಿಗೆ ಕೇಳಿಸಿಕೊಳ್ಳದವರಿಗಿಂತ ಹೆಚ್ಚು ಸಂಕಟವೇನೂ ಆಗಲಿಲ್ಲ, ಅಂಥ ಯೋಚನೆಯೂ ಹೆಚ್ಚಲಿಲ್ಲ.

ಎದುರು ಬದುರು ಕೂರಿಸಿ ವಿಚಾರಣೆ ಮಾಡಬೇಡಿ. ಅಡಿಕೆ ಸುಲಿಯುವಾಗ, ತರಕಾರಿ ಹೆಚ್ಚುವಾಗ, ಸ್ಕೂಟರಿನಲ್ಲಿ ಬರುವಾಗ ಮಾತು ಸುಲಭ, ಕಣ್ಣಿಗೆ ಕಣ್ಣು ಕೊಡಬೇಕಾಗಿಲ್ಲ. ಮನೆಯ ಮಾತಿನಲ್ಲೇ ಕೇಳಿ. ತುಳುವೋ, ಹವ್ಯಕವೋ, ಬ್ಯಾರಿಯೋ, ಮರಾಟಿಯೋ, ಯಾವುದರಲ್ಲಿ ಮಗು ಅಳುತ್ತದೋ ಅದರಲ್ಲಿ. ಹೀಗೆ ಶುರು ಮಾಡಬಹುದು:

"ಮಗಾ, ಎರಡು ವಾರದಿಂದ ನೀನು ಸರಿ ಊಟ ಮಾಡ್ತಾ ಇಲ್ಲ. ಮಂಡೆಬಿಸಿ ಎಂತದಾದ್ರೂ ಉಂಟಾ?"

"ಎಂತ ಇಲ್ಲ ಅಮ್ಮ."

"ಆಯ್ತು. ಕೆಲವರಿಗೆ ತುಂಬ ಬೇಜಾರಾದಾಗ ತಮಗೇ ನೋವು ಮಾಡಿಕೊಳ್ಳುವ ಅಂತ ಆಗ್ತದಂತೆ. ನಿಂಗೆ ಹಾಗೆ ಆದದ್ದುಂಟಾ?"

ಆಮೇಲೆ ಸುಮ್ಮನಿರಿ. ಮೌನ ಉದ್ದವಾದರೂ ತುಂಬಲು ಹೋಗಬೇಡಿ. ಹೌದು ಅಂದರೆ ಮುಂದಿನ ಪ್ರಶ್ನೆ: "ಸಾಯಬೇಕು ಅಂತ ಅನಿಸಿದ್ದುಂಟಾ? ಹೇಗೆ ಅಂತ ಯೋಚನೆ ಮಾಡಿದ್ದುಂಟಾ?" ಇದಕ್ಕೆ ಹೌದು ಎಂಬ ಉತ್ತರ ಬಂದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಬೇಕು. "ಯಾರಿಗೂ ಹೇಳಲ್ಲ" ಎಂಬ ಮಾತು ಮಾತ್ರ ಕೊಡಬೇಡಿ. "ಸಹಾಯ ಮಾಡುವವರಿಗೆ ಮಾತ್ರ ಹೇಳ್ತೇನೆ, ನಿಂಗೆ ಗೊತ್ತಿಲ್ಲದೆ ಹೇಳಲ್ಲ" ಎನ್ನಿ.

ಗಾಯ ಕಣ್ಣಿಗೆ ಬಿದ್ದ ಆ ಹೊತ್ತಿನಲ್ಲಿ?

ಮೊದಲು ನಿಮ್ಮ ಉಸಿರು ಸರಿ ಮಾಡಿಕೊಳ್ಳಿ. ಕಿರುಚಾಟ, ಪೆಟ್ಟು, "ನಮ್ಮ ಮಾನ ಕಳೆದೆ" ಬೇಡ. ಗಾಯಕ್ಕೆ ಬೇಕಾದ ಚಿಕಿತ್ಸೆ ಆಗಲಿ. "ನನಗೆ ಗೊತ್ತಾದದ್ದು ಒಳ್ಳೆಯದಾಯ್ತು" ಎಂಬಷ್ಟೇ ಮಾತು ಸಾಕು. ಆಮೇಲೆ ಮನೆಯಲ್ಲಿ ಒಂದು ಕೆಲಸ ತಪ್ಪದೆ ಮಾಡಿ. ಅಜ್ಜನ ಮಾತ್ರೆಗಳು ಸೇರಿ ಎಲ್ಲ ಔಷಧಿ, ತೋಟದ ಮದ್ದು, ಗಾಯ ಮಾಡಬಹುದಾದ ವಸ್ತುಗಳನ್ನು ಬೀಗದೊಳಗೆ ಇಡಿ, ಬೀಗದ ಕೈ ನಿಮ್ಮಲ್ಲಿರಲಿ. ತೋಟದ ಮನೆಗಳಲ್ಲಿ ಮದ್ದಿನ ಡಬ್ಬ ಕೊಟ್ಟಿಗೆಯ ಮೂಲೆಯಲ್ಲಿ ಹಾಗೇ ಇರುತ್ತದೆ. ದುಡುಕಿನ ಗಳಿಗೆ ಹೆಚ್ಚು ಹೊತ್ತು ಇರುವುದಿಲ್ಲ, ಆ ಹೊತ್ತಿಗೆ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ.

ಪ್ರೇತದ ಸೋಂಕು ಆಗಿದೆ, ಜೋಯಿಸರಲ್ಲಿ ಪ್ರಶ್ನೆ ಇಡಿಸಿ ಅಂತ ಹಿರಿಯರು ಹೇಳುತ್ತಾರೆ. ಏನು ಮಾಡುವುದು?

ಹರಕೆ ಹೇಳಿ, ನೂಲು ಕಟ್ಟಿಸಿ, ಉಸ್ತಾದರ ಹತ್ತಿರ ಹೋಗಿ, ಅದು ನಿಮ್ಮ ನಂಬಿಕೆ, ನಾವು ಅಡ್ಡ ಬರುವುದಿಲ್ಲ. ಮನೆಯವರಿಗೆ ಧೈರ್ಯ ಬರುತ್ತದೆ ಅನ್ನುವುದೂ ನಿಜ. ಆದರೆ ಡಾಕ್ಟರ ಭೇಟಿಯನ್ನು ಅದಕ್ಕಾಗಿ ಮುಂದೂಡಬೇಡಿ. ಹೊಡೆಯುವ, ಹೊಗೆ ಹಾಕುವ, ಉಪವಾಸ ಕೆಡಹುವ ಕಡೆಗೆ ಮಾತ್ರ ಖಂಡಿತ ಕರೆದುಕೊಂಡು ಹೋಗಬಾರದು. ಈಗಾಗಲೇ ತನ್ನನ್ನು ತಾನೇ ಶಿಕ್ಷಿಸುತ್ತಿರುವ ಮಗು ಅದು.

ಎಲ್ಲಿಗೆ ಕರೆದುಕೊಂಡು ಹೋಗಬೇಕು? ಮಲಯಾಳದಲ್ಲಿ ಹೇಳಲು ಮಗುವಿಗೆ ಬರುವುದಿಲ್ಲ.

ಹತ್ತಿರದ ದಾರಿ ನಿಮ್ಮ ಕುಟುಂಬ ಆರೋಗ್ಯ ಕೇಂದ್ರ. ಅಲ್ಲಿ ಖಿನ್ನತೆಗೆ ಆಶ್ವಾಸಂ ಎಂಬ ಕ್ಲಿನಿಕ್ ಇರುತ್ತದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಯಾವ ವಾರ ಎಲ್ಲಿ ಬರುತ್ತದೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಕಾಸರಗೋಡು ಜನರಲ್ ಆಸ್ಪತ್ರೆ, ಕಾಞಂಗಾಡಿನ ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರ ದಿನ ವಿಚಾರಿಸಿಕೊಂಡು ಹೋಗಿ.

ನಮ್ಮಲ್ಲಿ ಬಹಳ ಮಂದಿ ನೇರ ಮಂಗಳೂರಿಗೆ ಹೋಗುತ್ತಾರೆ. ಭಾಷೆಗೂ ಅನುಕೂಲ, ಊರವರ ಕಣ್ಣಿಗೂ ಬೀಳುವುದಿಲ್ಲ. ತಪ್ಪೇನಿಲ್ಲ. ಆದರೆ 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ರೋಗಿಗಳು ಪಟ್ಟ ಪಾಡು ನೆನಪಿದೆ ಅಲ್ವಾ? ಈ ಕಡೆಯೂ ಒಬ್ಬ ಡಾಕ್ಟರಿಗೆ ಮಗುವಿನ ವಿಷಯ ಗೊತ್ತಿರಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಪ್ರತ್ಯೇಕ ವಿಭಾಗ ಇದೆ, ತುಂಬ ಗೋಜಲಾದ ಸಮಸ್ಯೆಗೆ ಅಲ್ಲಿಗೆ ಕಳುಹಿಸುತ್ತಾರೆ.

2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್‌ನಲ್ಲಿ ಕರೆ ಮಾಡಿದಾಗ ಭಾಷೆ ಆರಿಸಬಹುದು, ಕನ್ನಡವೂ ಇದೆ. ಆಸ್ಪತ್ರೆಯಲ್ಲಿ ಭಾಷೆ ತೊಡಕಾದರೆ ಕನ್ನಡ ಬರುವ ನರ್ಸನ್ನು ಕೇಳಿ. ಚಿಕ್ಕಪ್ಪನನ್ನೋ ನೆರೆಮನೆಯವರನ್ನೋ ದುಭಾಷಿ ಮಾಡಬೇಡಿ. ಅವರೆದುರು ಮಗು ನಿಜ ಹೇಳಲಾರದು.

ಮಾತ್ರೆ ಶುರು ಮಾಡಿದರೆ ಜೀವನಪರ್ಯಂತ ನುಂಗಬೇಕಾ?

ಎಲ್ಲರಿಗೂ ಮಾತ್ರೆ ಬೇಕಾಗುವುದೇ ಇಲ್ಲ. ತನಗೆ ನೋವು ಮಾಡಿಕೊಳ್ಳುವುದಕ್ಕೆ ಅಂತಲೇ ಒಂದು ಮಾತ್ರೆ ಇಲ್ಲ. ಹಿಂದಿರುವ ಖಿನ್ನತೆಗೋ ಆತಂಕಕ್ಕೋ ಕೊಡುತ್ತಾರೆ. ಮುಖ್ಯವಾದದ್ದು ಮಾತಿನ ಚಿಕಿತ್ಸೆ. ಭಾವನೆ ಉಕ್ಕಿದಾಗ ತಡೆದುಕೊಳ್ಳುವುದನ್ನು ಕಲಿಸುವ ಡಿಬಿಟಿ ಎಂಬ ಪದ್ಧತಿ ಹದಿಹರೆಯದವರಿಗೆ ಉಪಯೋಗವಾಗಿದೆ, ಅದರಲ್ಲಿ ಅಪ್ಪ ಅಮ್ಮನೂ ಸೇರುತ್ತಾರೆ.

ಖಿನ್ನತೆಯ ಮಾತ್ರೆ ಬರೆದುಕೊಟ್ಟರೆ ಒಂದು ವಿಷಯ ಗೊತ್ತಿರಲಿ. ಕೆಲವು ಮಕ್ಕಳಲ್ಲಿ ಶುರುವಿನ ವಾರಗಳಲ್ಲಿ ಚಡಪಡಿಕೆಯೋ ಸಾವಿನ ಯೋಚನೆಯೋ ಹೆಚ್ಚಾಗಬಹುದು. ಅಮೆರಿಕದ ಔಷಧ ಇಲಾಖೆ 2004ರಲ್ಲೇ ಈ ಎಚ್ಚರಿಕೆಯನ್ನು ಔಷಧಿಯ ಲೇಬಲ್ಲಿನಲ್ಲಿ ಹಾಕಿಸಿತು. ಹಾಗಂತ ಮಾತ್ರೆ ಬೇಡ ಅಂತ ಅಲ್ಲ. ಆ ವಾರಗಳಲ್ಲಿ ಹತ್ತಿರದಿಂದ ನೋಡಿಕೊಳ್ಳಿ, ಬದಲಾವಣೆ ಕಂಡರೆ ಕೂಡಲೇ ಡಾಕ್ಟರಿಗೆ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಮಾತ್ರೆ ನಿಮ್ಮ ಕೈಯಿಂದಲೇ ಕೊಡಿ.

ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸು ಆಗುತ್ತದಾ?

ಈ ಹೆದರಿಕೆಯಿಂದ ಮನೆಯಲ್ಲೇ ಇಟ್ಟುಕೊಂಡು ತಡ ಮಾಡುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಜೀವ ಕಳೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ತಿಳಿಯಬೇಕು, ಶಿಕ್ಷಿಸಬಾರದು. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಬಂದಾಗ ಆತ್ಮಹತ್ಯೆ ಯತ್ನವನ್ನು ಅಪರಾಧ ಎನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಸೆಕ್ಷನ್ ಅದರಲ್ಲಿ ಉಳಿಯಲಿಲ್ಲ. ಆಸ್ಪತ್ರೆಯವರು ನಿಯಮದ ಪ್ರಕಾರ ಪೊಲೀಸರಿಗೆ ಮಾಹಿತಿ ಕೊಡಬಹುದು. ಅದು ಮಗುವಿನ ಮೇಲೆ ಕೇಸು ಹಾಕಿದ್ದಲ್ಲ.

ಶಾಲೆಗೆ ತಿಳಿಸಬೇಕೇ?

ಇಡೀ ಸ್ಟಾಫ್ ರೂಮಿಗೆ ಬೇಡ. ಮಗು ನಂಬುವ ಒಬ್ಬ ಟೀಚರಿಗೋ ಮಾಷ್ಟ್ರಿಗೋ, ಕೌನ್ಸೆಲರ್ ಇದ್ದರೆ ಅವರಿಗೋ, ಮಗುವನ್ನು ಕೇಳಿಯೇ ಹೇಳಿ. 100 ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಅರ್ಹ ಕೌನ್ಸೆಲರ್ ಒಬ್ಬರಾದರೂ ಇರಬೇಕು ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ನಿಮ್ಮ ಶಾಲೆಯಲ್ಲಿ ಇಲ್ಲದಿದ್ದರೆ ಪಿಟಿಎ ಸಭೆಯಲ್ಲಿ ಎದ್ದು ಕೇಳಿ. ಕೌನ್ಸೆಲರಿಗೆ ಕನ್ನಡ ಬರುತ್ತದಾ ಎಂಬುದನ್ನೂ ಕೇಳಿ.

ಮೊದಲ ಭೇಟಿಗೆ ಏನು ತಯಾರಿ ಮಾಡಿಕೊಳ್ಳಬೇಕು?

"ಕಿವಿನೋವಿಗೆ ಹೋಗುವುದು" ಎಂದು ಸುಳ್ಳು ಹೇಳಿ ಕರೆದುಕೊಂಡು ಹೋಗಬೇಡಿ. ಯಾಕೆ ಎಂದು ಹೇಳಿಯೇ ಹೋಗಿ. ನಿದ್ದೆ, ಊಟ, ಶಾಲೆ, ಸಿಟ್ಟು ಇವುಗಳಲ್ಲಿ ಯಾವಾಗಿನಿಂದ ಏನು ಬದಲಾಯಿತು ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಡಾಕ್ಟರ ಎದುರು ಅರ್ಧ ಮರೆತುಹೋಗುತ್ತದೆ. ಹಳೆಯ ಔಷಧಿ ಚೀಟಿಗಳು, ಕುಟುಂಬದಲ್ಲಿ ಯಾರಿಗಾದರೂ ಮನಸ್ಸಿನ ಚಿಕಿತ್ಸೆ ಆಗಿದ್ದರೆ ಅದರ ವಿವರವೂ ಇರಲಿ. ಆರೋಗ್ಯ ವಿಮೆ ಇದ್ದರೆ ಕಾರ್ಡು ತೆಗೆದುಕೊಳ್ಳಿ. ಮೈಯ ಕಾಯಿಲೆಗಳಂತೆ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಎಂದು 2017ರ ಕಾಯ್ದೆಯಲ್ಲೇ ಇದೆ. ಡಾಕ್ಟರು ಸ್ವಲ್ಪ ಹೊತ್ತು ಮಗುವಿನೊಡನೆ ಒಂಟಿಯಾಗಿ ಮಾತಾಡಬೇಕು ಅಂದರೆ ಎದ್ದು ಹೊರಗೆ ಹೋಗಿ ಕೂತುಕೊಳ್ಳಿ. ವಾಪಸ್ ಬರುವಾಗ ಬಸ್ಸಿನಲ್ಲಿ "ಒಳಗೆ ಎಂತ ಹೇಳಿದೆ?" ಎಂದು ಕೇಳಬೇಡಿ. ಮುಂದಿನ ತಾರೀಕು ಮಾತ್ರ ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ, ಮಗು ಆರಾಮ ಇದೆ ಅನಿಸಿದರೂ ಆ ದಿನ ಹೋಗಿ.